ಚಂಕ್ರಮ ಅಂದರೆ ಯಾವ ದಾರಿ?

ಪ್ರಶ್ನೆ: ಶರಣು ಸರ್. ನಾನು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈಚೆಗೆ ಮಕ್ಕಳನ್ನು ಕರೆದುಕೊಂಡು ಸನ್ನತಿ, ಕನಗನಹಳ್ಳಿ ನೋಡಿಕೊಂಡು ಬಂದೆವು. ಸ್ತೂಪದ ಸುತ್ತ ಕಲ್ಲು ಹಾಸಿದ ದಾರಿ ಇದೆಯಲ್ಲ, ಜೊತೆಗೆ ಬಂದಿದ್ದ ಒಬ್ಬರು ಅದನ್ನು ‘ಚಂಕ್ರಮ’ ಅಂದರು. ಇನ್ನೊಬ್ಬರು ‘ಅಲ್ಲ, ಇದು ಪ್ರದಕ್ಷಿಣಾಪಥ, ಚಂಕ್ರಮ ಬೇರೆ’ ಅಂದರು. ಮಕ್ಕಳು ಇಬ್ಬರನ್ನೂ ಬಿಟ್ಟು ನನ್ನ ಮುಖ ನೋಡಿದರು! ಯಾವುದು ಸರಿ? ಈ ಪದ ಎಲ್ಲಿಂದ ಬಂತು? ಬಿಡಿಸಿ ಹೇಳಿ.
— ಶಿಕ್ಷಕಿ, ಕಲಬುರಗಿ

ಉತ್ತರ: ಶರಣು ಮೇಡಂ. ಎರಡನೆಯವರು ಹೇಳಿದ್ದೇ ಸರಿ. ನೀವು ಕನಗನಹಳ್ಳಿಯಲ್ಲಿ ನೋಡಿದ್ದು ಪ್ರದಕ್ಷಿಣಾಪಥ. ನಡುವೆ ಸ್ತೂಪ, ಅದು ಯಾವಾಗಲೂ ನಮ್ಮ ಬಲಕ್ಕೇ ಇರುವ ಹಾಗೆ ಸುತ್ತು ಹಾಕೋ ದಾರಿ. ಚಂಕ್ರಮಕ್ಕೆ ನಡುವೆ ಏನೂ ಇರಲ್ಲ. ಅದು ಸುತ್ತುವ ದಾರಿಯೇ ಅಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯೋದು, ಅಲ್ಲಿ ತಿರುಗಿ ಮತ್ತೆ ಈ ತುದಿಗೆ ಬರೋದು, ಅಷ್ಟೇ. ಎಲ್ಲಿಗೂ ಹೋಗಿ ಮುಟ್ಟಿಸದ ದಾರಿ ಅದು. ಅಂಥ ದಾರಿಯನ್ನು ಅಳತೆ ಹಾಕಿ, ಅಡಿಪಾಯ ಹಾಕಿ, ಕಟಕಟೆ ಕಟ್ಟಿ, ಮೇಲೆ ಚಾವಣಿ ಸಹ ಹಾಕಿ ಕಟ್ಟುತ್ತಿದ್ದರು. ಹಾಗಾಗಿಯೇ ಅದಕ್ಕೊಂದು ಬೇರೆ ಹೆಸರು ಬೇಕಾಯಿತು.

ಮೊದಲು ಪದ ನೋಡೋಣ. ಸಂಸ್ಕೃತದ ‘ಕ್ರಮ್’ ಅನ್ನೋ ಧಾತುವಿಗೆ ಹೆಜ್ಜೆ ಇಡು ಅಂತ ಅರ್ಥ. ಕ್ರಮ, ವಿಕ್ರಮ, ಆಕ್ರಮಣ, ಎಳ್ಳು ಬೀರೋ ದಿನದ ಸಂಕ್ರಮಣ, ಎಲ್ಲಾ ಅದರದೇ ಸಂತಾನ. ಸಂಕ್ರಮ ಅಂದರೆ ಸಂಸ್ಕೃತದಲ್ಲಿ ಸೇತುವೆ ಅಂತಲೂ ಆಗುತ್ತದೆ. ಒಂದು ಕೆಲಸ ಮತ್ತೆ ಮತ್ತೆ ನಡೆಯುತ್ತದೆ ಅಂತ ಹೇಳಬೇಕಾದರೆ ಸಂಸ್ಕೃತದಲ್ಲಿ ಧಾತುವಿನ ಮೊದಲ ಅಕ್ಷರವನ್ನು ಸ್ವಲ್ಪ ಬದಲಿಸಿ ಎರಡು ಸಲ ಹೇಳುತ್ತಾರೆ. ಹಾಗೆ ‘ಕ್ರಮ್’ ಹೋಗಿ ‘ಚಂಕ್ರಮ್’ ಆಗುತ್ತದೆ. ಮತ್ತೆ ಮತ್ತೆ ಹೆಜ್ಜೆ ಇಡೋದು. ಇದೇ ಅಚ್ಚಿನಲ್ಲಿ ಎರಕ ಹೊಯ್ದ ಇನ್ನೊಂದು ಪದ ನಮ್ಮ ಭಾಗದಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು: ಜಂಗಮ. ‘ಗಮ್’ ಅಂದರೆ ಹೋಗು, ಅದನ್ನು ಎರಡು ಸಲ ಹೇಳಿದರೆ ಜಂಗಮ, ಒಂದು ಕಡೆ ನಿಲ್ಲದೆ ಹೋಗುತ್ತಲೇ ಇರುವವನು. ಬಸವಕಲ್ಯಾಣದ ಸುತ್ತಮುತ್ತ ಬೆಳೆದವರಿಗೆ ಜಂಗಮ ಅನ್ನೋ ಪದದ ತೂಕ ನಾನು ಹೇಳಬೇಕಾಗಿಲ್ಲ. ಚಂಕ್ರಮ ಅದರ ಒಡಹುಟ್ಟು, ಆದರೆ ನಾವು ಅದನ್ನು ಮರೆತುಬಿಟ್ಟಿದ್ದೇವೆ. ಮಕ್ಕಳಿಗೆ ಪಾಠ ಮಾಡುವಾಗ ಇವೆರಡನ್ನೂ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದು ತೋರಿಸಿ, ಥಟ್ಟನೆ ಹಿಡಿದುಕೊಳ್ಳುತ್ತಾರೆ.

ಮೊದಲು ಅದು ಕೆಲಸದ ಹೆಸರು, ಅಂದರೆ ಅಡ್ಡಾಡೋದು. ಆಮೇಲೆ ಆ ಕೆಲಸ ನಡೆಯುವ ಜಾಗಕ್ಕೂ ಅದೇ ಹೆಸರು ನಿಂತಿತು. ಕನ್ನಡದಲ್ಲೂ ತಿರುಗೋದಕ್ಕೂ ತಿರುವು ಅಂತೀವಿ, ದಾರಿ ತಿರುಗುವ ಜಾಗಕ್ಕೂ ತಿರುವು ಅಂತೀವಿ, ಅಲ್ವಾ? ಪಾಲಿ ಭಾಷೆಯಲ್ಲಿ ಇದು ‘ಚಂಕಮ’. ಹಳೆಯ ಶಾಸನಗಳಲ್ಲಿ ಜಾಸ್ತಿ ಸಿಗೋದು ಇದೇ ರೂಪ.

ಈಗ ಇದು ಕಟ್ಟಡವಾದ ಕಥೆ. ಬೌದ್ಧರ ವಿನಯಪಿಟಕದಲ್ಲಿ, ಅಂದರೆ ಭಿಕ್ಷುಗಳ ನಡವಳಿಕೆಯ ಕಟ್ಟಳೆಗಳ ಸಂಗ್ರಹದಲ್ಲಿ, ಈ ಪ್ರಸಂಗ ಬರುತ್ತದೆ. ವೈಶಾಲಿಯಲ್ಲಿ ಊರ ಜನ ಭಿಕ್ಷುಗಳಿಗೆ ಸರದಿ ಹಚ್ಚಿ ಒಳ್ಳೊಳ್ಳೆ ಊಟ ಹಾಕುತ್ತಿದ್ದರು. ಉಂಡು ಉಂಡು ಅವರ ಮೈ ಭಾರವಾಯಿತು, ಕಾಯಿಲೆ ಶುರುವಾಯಿತು. ಯಾವುದೋ ಕೆಲಸಕ್ಕೆ ಅಲ್ಲಿಗೆ ಬಂದಿದ್ದ ಜೀವಕ ಅದನ್ನು ನೋಡಿದ. ಜೀವಕ ಅಂದರೆ ಮಗಧದ ರಾಜ ಬಿಂಬಿಸಾರನ ವೈದ್ಯ, ತಕ್ಷಶಿಲೆಯಲ್ಲಿ ಕಲಿತವನು. ಅವನು ಬುದ್ಧನ ಹತ್ತಿರ ಹೋಗಿ ಎರಡು ಅನುಮತಿ ಕೇಳಿದ. ಒಂದು ಚಂಕಮ, ಇನ್ನೊಂದು ಬೆವರು ಇಳಿಸುವ ಬೆಚ್ಚನೆಯ ಸ್ನಾನದ ಮನೆ. ಬುದ್ಧ ಎರಡಕ್ಕೂ ಒಪ್ಪಿದ. ಅಂದರೆ ಈ ದಾರಿ ಕಟ್ಟಳೆಯೊಳಗೆ ಬಂದಿದ್ದೇ ವೈದ್ಯನ ಸಲಹೆಯಿಂದ. ಉಂಡು ನೂರಡಿ ಇಡಬೇಕು ಅಂತ ನಮ್ಮ ಮನೆ ಹಿರಿಯರು ಹೇಳೋದೂ ಇದನ್ನೇ. ಆಯುರ್ವೇದದ ಸುಶ್ರುತ ಸಂಹಿತೆಯಲ್ಲೂ ಚಂಕ್ರಮಣ ಅನ್ನೋ ಪದವೇ ಇದೆ. ಮೈಗೆ ಜಾಸ್ತಿ ಆಯಾಸ ಆಗದ ಹಾಗೆ ಅಡ್ಡಾಡಿದರೆ ಆಯುಸ್ಸು, ಬಲ, ಬುದ್ಧಿ, ಜಠರಾಗ್ನಿ ಹೆಚ್ಚುತ್ತವೆ, ಇಂದ್ರಿಯಗಳು ಚುರುಕಾಗುತ್ತವೆ ಅಂತ ಅಲ್ಲಿ ಹೇಳಿದೆ.

ಅನುಮತಿ ಸಿಕ್ಕ ಮೇಲೆ ನಡೆದದ್ದು ನನಗೆ ತುಂಬಾ ಇಷ್ಟ. ದಾರಿ ಮಾಡಿದರು. ನೆಲ ಏರುಪೇರಾಗಿತ್ತು, ಕಾಲು ನೋಯಿತು. ಸರಿ, ಸಮತಟ್ಟು ಮಾಡಿ ಅಂತಾಯಿತು. ದಾರಿ ತಗ್ಗಿನಲ್ಲಿತ್ತು, ಮಳೆ ನೀರು ನುಗ್ಗಿತು. ಹಾಗಾದರೆ ಎತ್ತರಿಸಿ ಕಟ್ಟಿ. ಎತ್ತರಿಸಿದ ಮಣ್ಣು ಕುಸಿಯಿತು. ಇಟ್ಟಿಗೆ, ಕಲ್ಲು, ಮರ, ಮೂರರಲ್ಲಿ ಯಾವುದರಿಂದಲಾದರೂ ಒತ್ತು ಕೊಡಿ. ಹತ್ತೋಕೆ ಕಷ್ಟವಾಯಿತು, ಮೆಟ್ಟಿಲು ಮಾಡಿ. ಮೆಟ್ಟಿಲು ಹತ್ತುವಾಗ ಬಿದ್ದರು, ಹಿಡಿದುಕೊಳ್ಳೋಕೆ ಕೈಪಿಡಿ ಇಡಿ. ನಡೆಯುತ್ತಾ ನಡೆಯುತ್ತಾ ಅಂಚಿನಿಂದ ಕೆಳಗೆ ಬಿದ್ದರು, ಕಟಕಟೆ ಕಟ್ಟಿ. ಬಿಸಿಲು, ಚಳಿ ತಡೆಯಲಾಗಲಿಲ್ಲ, ಮೇಲೆ ಚಾವಣಿ ಹಾಕಿ. ಹೀಗೆ ಚಾವಣಿ ಬಿದ್ದ ಮೇಲೆ ಅದಕ್ಕೆ ಚಂಕಮಣಸಾಲಾ ಅಂತ ಹೆಸರಾಯಿತು, ನಡೆದಾಡುವ ಸಾಲೆ. ಅಷ್ಟಕ್ಕೂ ಮುಗಿಯಲಿಲ್ಲ. ಚಾವಣಿಯ ಹುಲ್ಲಿನ ಪುಡಿ ತಲೆ ಮೇಲೆ ಉದುರುತ್ತದೆ ಅಂತ ದೂರು ಬಂತು, ಒಳಗೆಲ್ಲ ಗಿಲಾವು ಮಾಡಿ ಬಣ್ಣ ಬಳಿಯೋಕೂ ಒಪ್ಪಿಗೆ ಸಿಕ್ಕಿತು. ಯಾರೋ ಕೂತು ನಕ್ಷೆ ಬರೆದು ಕಟ್ಟಿದ್ದಲ್ಲ ಇದು. ಕಾಲು ನೊಂದವರು, ಬಿದ್ದವರು, ನೆನೆದವರು ಹೇಳಿಕೊಂಡ ಹಾಗೆಲ್ಲ ಒಂದೊಂದು ಭಾಗ ಬಂದು ಸೇರಿದ ಕಟ್ಟಡ. ಕಟ್ಟಡದ ಒಂದೊಂದು ಭಾಗ ಯಾಕೆ ಬಂತು ಅಂತ ಇಷ್ಟು ಬಿಡಿಸಿ ಹೇಳುವ ಹಳೆಯ ಬರಹ ಸಿಗೋದು ಅಪರೂಪ. ಅದಕ್ಕೇ ಮಕ್ಕಳಿಗೆ ಇದನ್ನು ಖಂಡಿತ ಹೇಳಿ ಅಂತೀನಿ.

ಅಳತೆಯೂ ಸಿಗುತ್ತದೆ. ಪಾಲಿಯ ಜಾತಕ ಕಥೆಗಳ ಅಟ್ಠಕಥೆಯಲ್ಲಿ, ಅಂದರೆ ವ್ಯಾಖ್ಯಾನದಲ್ಲಿ, ಒಳ್ಳೆಯ ಚಂಕಮ ಹೇಗಿರಬೇಕು ಅಂತ ಹೇಳಿದ್ದಾರೆ. ಉದ್ದ 60 ಮೊಳ, ಅಗಲ ಒಂದೂವರೆ ಮೊಳ, ಎರಡೂ ಪಕ್ಕಕ್ಕೆ ಒಂದೊಂದು ಮೊಳದ ಅಂಚು. ನೆಲ ಮೆತ್ತಗಿರಬೇಕು, ಮೇಲೆ ಮರಳನ್ನು ಸಮನಾಗಿ ಹರಡಿರಬೇಕು. ಮೊಳಕ್ಕೆ ಒಂದೂವರೆ ಅಡಿ ಹಿಡಿದರೆ ಸುಮಾರು 90 ಅಡಿ ಉದ್ದ, ಎರಡೂಕಾಲು ಅಡಿ ಅಗಲ. ಒಬ್ಬರು ನಡೆಯೋಕೆ ಮಾತ್ರ ಜಾಗ, ಇಬ್ಬರು ಮಾತಾಡಿಕೊಂಡು ಹೋಗೋಕೆ ಅಲ್ಲ. ಶಾಲೆ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಈ ಅಳತೆ ಗುರುತು ಮಾಡಿ ಮಕ್ಕಳನ್ನು ಒಬ್ಬೊಬ್ಬರಾಗಿ ನಡೆಸಿ ನೋಡಿ.

ಅಲ್ಲೇ ಚಂಕಮದ ಐದು ದೋಷಗಳನ್ನೂ ಹೇಳಿದ್ದಾರೆ. ನೆಲ ಗಟ್ಟಿಯಾಗಿ ಏರುಪೇರಾಗಿದ್ದರೆ ಕಾಲು ನೊಂದು ಬೊಬ್ಬೆ ಬರುತ್ತದೆ, ಮನಸ್ಸು ನಿಲ್ಲಲ್ಲ. ದಾರಿ ನಡುವೆ ಮರ ಇದ್ದರೆ ಮೈಮರೆತಾಗ ತಲೆ ತಾಗುತ್ತದೆ. ಹುಲ್ಲು ಬಳ್ಳಿ ಮುಚ್ಚಿಕೊಂಡಿದ್ದರೆ ಕತ್ತಲಲ್ಲಿ ಹಾವು ತುಳಿಯಬಹುದು, ಅದು ಕಚ್ಚಬಹುದು. ತೀರಾ ಇಕ್ಕಟ್ಟಾದರೆ ಅಂಚಿಗೆ ತಾಗಿ ಕಾಲುಗುರು ಕೀಳುತ್ತದೆ. ಐದನೆಯದು ವಿಶೇಷ: ಅಗಲ ಜಾಸ್ತಿ ಆಗಬಾರದು, ಜಾಸ್ತಿ ಆದರೆ ಮನಸ್ಸು ಅತ್ತಿತ್ತ ಓಡುತ್ತದೆ. ಅಗಲ ಜಾಸ್ತಿ ಇದ್ದಷ್ಟೂ ಅನುಕೂಲ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ದಾರಿಯ ಅಳತೆಯನ್ನೇ ಮನಸ್ಸಿನ ಲೆಕ್ಕದಲ್ಲಿ ಇಟ್ಟಿದ್ದಾರೆ. ನಡೆದಾಡುವುದರ ಐದು ಲಾಭಗಳ ಪಟ್ಟಿ ಅಂಗುತ್ತರ ನಿಕಾಯದಲ್ಲಿದೆ, ಅದು ಬುದ್ಧನ ಉಪದೇಶಗಳ ಒಂದು ಪಾಲಿ ಸಂಗ್ರಹ. ದೂರ ನಡೆಯೋಕೆ ಕಸುವು ಬರುತ್ತದೆ, ಸಾಧನೆಗೆ ತ್ರಾಣ ಬರುತ್ತದೆ, ಕಾಯಿಲೆ ಕಮ್ಮಿ, ಉಂಡದ್ದು ಅರಗುತ್ತದೆ, ಕೊನೆಯದಾಗಿ ನಡೆಯುತ್ತಾ ಪಡೆದ ಏಕಾಗ್ರತೆ ಬಹಳ ಹೊತ್ತು ಉಳಿಯುತ್ತದೆ.

ಕಲ್ಲಿನ ಸಾಕ್ಷಿ ಬೇಕು ಅಂದರೆ ಅದೂ ಇದೆ. ಸಾರನಾಥದಲ್ಲಿ ಸಿಕ್ಕ ದೊಡ್ಡ ಬೋಧಿಸತ್ವ ಮೂರ್ತಿ ಅಲ್ಲಿನ ಮ್ಯೂಸಿಯಮ್‌ನಲ್ಲಿದೆ, ಮಥುರೆಯ ಕೆಂಪು ಕಲ್ಲಿನದು. ಬಲ ಅನ್ನೋ ಭಿಕ್ಷು ಕುಷಾಣರ ರಾಜ ಕನಿಷ್ಕನ 3ನೇ ವರ್ಷದಲ್ಲಿ ಅದನ್ನೂ ಅದರ ಕೊಡೆಯನ್ನೂ ಎಲ್ಲಿ ನಿಲ್ಲಿಸಿದ ಅಂತ ಶಾಸನವೇ ಹೇಳುತ್ತದೆ: ವಾರಾಣಸಿಯಲ್ಲಿ, ‘ಭಗವತೊ ಚಂಕಮೆ’, ಭಗವಂತ ಅಡ್ಡಾಡಿದ ಜಾಗದಲ್ಲಿ. ಅದೇ ಬಲ ಶ್ರಾವಸ್ತಿಯಲ್ಲಿ ನಿಲ್ಲಿಸಿದ ಮೂರ್ತಿಯ ಶಾಸನದಲ್ಲೂ ಇದೇ ಮಾತಿದೆ. ಅಂದರೆ ಆ ಹೊತ್ತಿಗೆ ಬುದ್ಧ ನಡೆದಾಡಿದ ದಾರಿಗಳೇ ಪೂಜೆಯ ಜಾಗಗಳಾಗಿದ್ದವು. ಬೋಧಗಯೆಗೆ ಹೋದವರು ಮಹಾಬೋಧಿ ಗುಡಿಯ ಉತ್ತರದ ಗೋಡೆಗೆ ಹೊಂದಿಕೊಂಡು ಉದ್ದಕ್ಕೆ ಇರುವ ಒಂದು ಕಟ್ಟೆಯನ್ನೂ, ಅದರ ಮೇಲೆ ಹೆಜ್ಜೆಗಳಿಗೆ ಗುರುತಾಗಿ ಇಟ್ಟ ಕಲ್ಲಿನ ಕಮಲಗಳನ್ನೂ ನೋಡಿರುತ್ತೀರಿ. ಅದೇ ರತ್ನಚಂಕ್ರಮ. ಜ್ಞಾನೋದಯದ ನಂತರ ಬುದ್ಧ ಒಂದು ವಾರ ಅಲ್ಲಿ ನಡೆದಾಡಿದ ಅನ್ನೋದು ನಂಬಿಕೆ. 7ನೇ ಶತಮಾನದ ಕೊನೆಗೆ ಚೀನಾದಿಂದ ಬಂದಿದ್ದ ಇತ್ಸಿಂಗ್ ಇಂಥ ಕಟ್ಟೆಗಳ ಅಳತೆ ಬರೆದಿಟ್ಟಿದ್ದಾನೆ. ಸುಮಾರು ಎರಡು ಮೊಳ ಅಗಲ, ಎರಡು ಮೊಳ ಎತ್ತರ, 14-15 ಮೊಳ ಉದ್ದ, ಇಟ್ಟಿಗೆಯದು. ಇದು 60 ಮೊಳಕ್ಕಿಂತ ಎಷ್ಟೋ ಚಿಕ್ಕದು. ನೆನಪಿಗೆ ಕಟ್ಟಿದ್ದಕ್ಕೂ ದಿನಾ ನಡೆಯೋಕೆ ಕಟ್ಟಿದ್ದಕ್ಕೂ ಅಷ್ಟು ವ್ಯತ್ಯಾಸ ಇರೋದು ಸಹಜ ಅಂತ ನನ್ನ ಅನಿಸಿಕೆ. ಮಧ್ಯಪ್ರದೇಶದ ಭಾರ್ಹುತ್ ಸ್ತೂಪದ ಒಂದು ಶಿಲ್ಪದ ಮೇಲೆ ‘ತಿಕೋಟಿಕೊ ಚಕಮೊ’ ಅಂತ ಬರೆದಿದೆ, ಮೂರು ಮೂಲೆಯ ಚಂಕ್ರಮ. ಹಾಗಾಗಿ ಎಲ್ಲವೂ ನೇರವೇ ಅಂತ ಕಡ್ಡಿ ಮುರಿದ ಹಾಗೆ ಹೇಳೋಕಾಗಲ್ಲ. ಆದರೆ ಅಳತೆ ಕೊಡುವ ಪಠ್ಯಗಳಲ್ಲೆಲ್ಲ ಕಾಣೋದು ಉದ್ದನೆಯ ನೇರ ದಾರಿಯೇ.

ನಮ್ಮಲ್ಲಿ ಪದ ಬಳಕೆ ತಪ್ಪಿತು, ಹೊರಗೆ ತಪ್ಪಿಲ್ಲ. ಶ್ರೀಲಂಕಾದಲ್ಲಿ ‘ಸಕ್ಮನ’ ಅಂತಾರೆ, ಅಲ್ಲಿನ ಕಾಡಿನ ವಿಹಾರಗಳಲ್ಲಿ ಈ ದಾರಿಗಳು ಈಗಲೂ ಇವೆ. ಥಾಯ್ ಭಾಷೆಯಲ್ಲಿ ‘ಚೊಂಗ್‌ಕ್ರೊಮ್’. ಬರ್ಮಾದಲ್ಲಿ ಉಚ್ಚಾರ ಪೂರ್ತಿ ಬದಲಾಗಿ ‘ಝಿಂಜಾನ್’ ಆಗಿದೆ, ಅಲ್ಲಿ ಅದು ಕಟ್ಟಡದ ಮಾಮೂಲಿ ಕಾರಿಡಾರಿಗೂ ಇರುವ ಹೆಸರು.

ಇನ್ನು ಕನಗನಹಳ್ಳಿ ವಿಷಯ. ಅಲ್ಲಿನ ಶಾಸನಗಳು ಆ ಸ್ತೂಪವನ್ನು ‘ಅಧೋಲೋಕ ಮಹಾಚೈತ್ಯ’ ಅಂತ ಕರೆಯುತ್ತವೆ. 1990ರ ದಶಕದಲ್ಲಿ ಪುರಾತತ್ತ್ವ ಇಲಾಖೆಯವರು ಅಗೆದಾಗ ‘ರಾಯ ಅಸೋಕೊ’ ಅಂತ ಬ್ರಾಹ್ಮಿಯಲ್ಲಿ ಹೆಸರು ಕೊರೆದ ಅಶೋಕನ ಶಿಲ್ಪ ಸಿಕ್ಕಿದ್ದು ಇಲ್ಲೇ. ಅದಕ್ಕೂ ಮುಂಚೆ, ಪಕ್ಕದ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಮೂರ್ತಿಗೆ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಅಂತ ಗೊತ್ತಾಗಿತ್ತು. ಸ್ತೂಪದ ಸುತ್ತ ಹಾಸಿರುವ ಚಪ್ಪಡಿಯನ್ನು ಮಕ್ಕಳು ಕಾಲಲ್ಲೇ ಗುರುತು ಹಿಡಿದಿರಬೇಕು. ನಮ್ಮ ಮನೆಗಳಲ್ಲಿ ಹಾಸೋ ಶಹಾಬಾದ್ ಫರ್ಸಿಯ ಜಾತಿಯದೇ, ಭೀಮಾ ತೀರದ ಸುಣ್ಣಕಲ್ಲು. ಪ್ರದಕ್ಷಿಣಾಪಥಕ್ಕೆ ಹೀಗೆ ಗಟ್ಟಿ ಕಲ್ಲು ಹಾಸುತ್ತಾರೆ, ಯಾಕಂದರೆ ನೂರಾರು ಜನ ತುಳಿಯೋ ಜಾಗ. ಅದು ಸಾವಿರಾರು ವರ್ಷ ಉಳಿಯುತ್ತದೆ. ಚಂಕ್ರಮಕ್ಕೆ ಬೇಕಾದದ್ದು ಮೆತ್ತನೆ ನೆಲ ಮತ್ತು ಮರಳು. ಅದು ನಾಲ್ಕು ಮಳೆಗಾಲ ಯಾರೂ ನೋಡಿಕೊಳ್ಳದಿದ್ದರೆ ಹೊಲದ ಮಣ್ಣಲ್ಲಿ ಬೆರೆತು ಹೋಗುತ್ತದೆ. ಅಲ್ಲಿ ಭಿಕ್ಷುಗಳು ಇದ್ದರು ಅಂದಮೇಲೆ ಅವರು ಉಂಡು ಅಡ್ಡಾಡಿರಲೇಬೇಕು, ಆದರೆ ನಿಮ್ಮ ಕಣ್ಣಿಗೆ ಬಿದ್ದ ಕಲ್ಲಿನ ದಾರಿ ಅದಕ್ಕಾಗಿ ಮಾಡಿದ್ದಲ್ಲ.

ಪ್ರಶ್ನೆ: ಸರ್, ನಾನು ಆರ್ಕಿಟೆಕ್ಚರ್ ಓದುತ್ತಿದ್ದೇನೆ. ಬೀದರ್ ಕೋಟೆಯ ಗೋಡೆ ಮೇಲೆ ಕಾವಲಿನವರು ನಡೆಯುತ್ತಿದ್ದ ದಾರಿಗೆ ಎಲ್ಲರೂ ಸುಮ್ನೆ ‘ವಾಕ್‌ವೇ’ ಅಂತಾರೆ. ಅದಕ್ಕೆ ನಮ್ಮ ಕಡೆಯ ಹಳೆಯ ಹೆಸರು ಇಲ್ವಾ?
— ವಿದ್ಯಾರ್ಥಿ, ಬೀದರ್

ಉತ್ತರ: ತಮ್ಮಾ, ಇದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಟೆ ಕಟ್ಟುವ ಅಧ್ಯಾಯದಲ್ಲಿ ‘ದೇವಪಥ’ ಅನ್ನೋ ಪದ ಬರುತ್ತದೆ. ಪ್ರಾಕಾರದ ಮೇಲೆ ಅಟ್ಟಾಲಕಗಳ, ಅಂದರೆ ಕಾವಲು ಗೋಪುರಗಳ ನಡುನಡುವೆ ಎರಡು ಹಸ್ತ, ಅಂದರೆ ಎರಡು ಮೊಳ ಅಗಲದ ದೇವಪಥ ಮಾಡಿಸಬೇಕು ಅಂತ. ಪಾಣಿನಿಯ ಸೂತ್ರವೊಂದರಲ್ಲೂ ಈ ಪದ ಇದೆ, ಅಷ್ಟು ಹಳೆಯದು. ಅರ್ಥಶಾಸ್ತ್ರದ ಓಲೆಗರಿ ಗುರುತಿಸಿ ಅಚ್ಚು ಹಾಕಿಸಿದವರು ಮೈಸೂರಿನ ಆರ್. ಶಾಮಾಶಾಸ್ತ್ರಿಗಳು, 1909ರಲ್ಲಿ. ನಮ್ಮ ಕಡೆಯವರೇ ಬೆಳಕಿಗೆ ತಂದ ಪುಸ್ತಕದ ಪದ ನಮ್ಮ ಕೋಟೆಗಳ ಹತ್ತಿರ ಯಾರ ಬಾಯಲ್ಲೂ ಇಲ್ಲ ಅನ್ನೋದು ನನಗೆ ಬೇಜಾರಿನ ಸಂಗತಿ.

ಆದರೆ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ‘ಬೀದರ್ ಕೋಟೆಯ ದೇವಪಥ’ ಅಂತ ಬರೆಯಬೇಡ. ಅರ್ಥಶಾಸ್ತ್ರದ ಕೋಟೆಯೇ ಬೇರೆ, ಇದೇ ಬೇರೆ. ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದಾಗ ಕಟ್ಟಿಸಿದವರ ಬಾಯಲ್ಲಿ ಇದ್ದದ್ದು ಪಾರ್ಸಿ. ಅವರ ಕಡೆಯ ಪದಗಳಲ್ಲಿ ನಿನಗೆ ಕೆಲಸಕ್ಕೆ ಬರೋದು ಎರಡು. ಒಂದು ‘ದಾಲಾನ್’, ಕಮಾನುಗಳ ಸಾಲಿನ ಉದ್ದನೆಯ ಪಡಸಾಲೆ. ಕಲಬುರಗಿ ಕೋಟೆಯೊಳಗೆ 1367ರ ಜಾಮಾ ಮಸೀದಿಗೆ ಹೋಗಿ ಪಕ್ಕದ ಸಾಲಿನಲ್ಲಿ ಒಂದು ತುದಿಯಿಂದ ನಡೆದು ನೋಡು. ಅಲ್ಲಿ ಕಮಾನಿನ ಕಾಲು ಗಿಡ್ಡ, ಹರವು ಅಗಲ. ಅಂಗಳವೇ ಇಲ್ಲದೆ ಪೂರ್ತಿ ಚಾವಣಿ ಹಾಕಿದ ಮಸೀದಿ ಅದು, ಬೆಳಕು ಒಳಗೆ ಬರೋದು ಪಕ್ಕದ ಆ ಕಮಾನುಗಳಿಂದಲೇ. ಇನ್ನೊಂದು ‘ಗುಲಾಮ್ ಗರ್ದಿಶ್’. ಗರ್ದಿಶ್ ಅಂದರೆ ಸುತ್ತೋದು. ದೊಡ್ಡ ಹವೇಲಿಗಳಲ್ಲಿ ಕೋಣೆಗಳ ಹೊರಗೆ ಆಳುಗಳು ಓಡಾಡೋಕೆ ಬಿಟ್ಟ ಜಾಗಕ್ಕೆ ಆ ಹೆಸರು. ಕೋಟೆ ಗೋಡೆಯ ಬಗ್ಗೆ ಕನ್ನಡದಲ್ಲೇ ಬರೆಯಬೇಕು ಅಂದರೆ ತೆನೆ (ಗೋಡೆ ತುದಿಯ ಹಲ್ಲಿನಂಥ ಸಾಲು), ಕೊತ್ತಳ (ಬುರುಜು) ಇವೆಯಲ್ಲ. ‘ತೆನೆಯ ಹಿಂದಿನ ಕಾವಲು ದಾರಿ’ ಅಂತ ಬರೆ, ಯಾರಿಗಾದರೂ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಊರ ಗುಡಿ ಜೀರ್ಣೋದ್ಧಾರದ ಪತ್ರಿಕೆ ಅಚ್ಚು ಹಾಕಿಸಬೇಕು ಸರ್. ಗುಡಿ ಸುತ್ತ ಕಂಬದ ಸಾಲು ಇದೆ. ‘ಪೌಳಿ’ ಅಂತ ಬರೀಬೇಕಾ, ‘ಕೈಸಾಲೆ’ ಅಂತಲಾ?
— ಗುಡಿ ಸಮಿತಿಯವರು, ಯಾದಗಿರಿ ಜಿಲ್ಲೆ

ಉತ್ತರ: ಪೌಳಿ ಅಂದರೆ ಗುಡಿ ಸುತ್ತಲಿನ ಗೋಡೆ. ಆ ಗೋಡೆಗೆ ಒಳಗಡೆ ಹೊಂದಿಕೊಂಡು ಕಂಬ, ಚಾವಣಿ ಇರುವ ಸಾಲು ಕೈಸಾಲೆ. ಇಲ್ಲಿ ಕೈ ಅಂದರೆ ಪಕ್ಕ, ಸಾಲೆ ಅಂದರೆ ಶಾಲೆ, ಓದೋ ಶಾಲೆಯಲ್ಲ, ಪಡಸಾಲೆ. ಮನೆ ಮುಂದಿದ್ದರೆ ಮೊಗಸಾಲೆ ಅಂತಾರಲ್ಲ, ಹಾಗೇ ಇದು. ನಮ್ಮ ಕಡೆ ಮಾತಾಡುವಾಗ ಎರಡನ್ನೂ ಸೇರಿಸಿ ಪೌಳಿ ಅಂತೀವಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಪತ್ರಿಕೆಯಲ್ಲಿ ಯಾರ ದೇಣಿಗೆ ಯಾವ ಭಾಗಕ್ಕೆ ಅಂತ ಬರುತ್ತದೆ, ಹಾಗಾಗಿ ಬೇರೆ ಬೇರೆ ಬರೆಯಿರಿ. ಗೋಡೆ ಕಟ್ಟಿಸಿದವರ ಹೆಸರು ಪೌಳಿಯ ಮುಂದೆ, ಕಂಬ ನಿಲ್ಲಿಸಿ ಚಾವಣಿ ಹಾಕಿಸಿದವರ ಹೆಸರು ಕೈಸಾಲೆಯ ಮುಂದೆ.